ಮಧುಗಿರಿ ಬೆಟ್ಟಕ್ಕೆ ಟೇಪು ಹಿಡಿದ ದಿನ

ಹತ್ತನೇ ತರಗತಿಯ ಲೆಕ್ಕಗಳಲ್ಲಿ ಗೋಪುರದ ಬುಡದವರೆಗೂ ದೂರ ಅಳೆದು ಕೊಟ್ಟಿರುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ಆ ಅನುಕೂಲ ಇಲ್ಲ. ತುದಿಗೆ ನೇರ ಕೆಳಗಿನ ಜಾಗ ಬಂಡೆಯೊಳಗೇ ಇದೆ. ಹಾಗಾಗಿ ಅವತ್ತು ಮಕ್ಕಳ ಜೊತೆ ಹಿಡಿದದ್ದು ಎರಡು ಕೋನದ ದಾರಿ. ತುದಿಯ ನೇರಕ್ಕೆ ಒಂದೇ ಗೆರೆಯಲ್ಲಿ ಎರಡು ಕಡೆ ನಿಂತು ಉನ್ನತ ಕೋನ, ಅಂದರೆ ಸಮತಲದಿಂದ ತುದಿಗೆ ನೋಟ ಎಷ್ಟು ಮೇಲೇರುತ್ತದೆ ಎಂಬ ಕೋನ, ನೋಡಬೇಕು. ನಡುವಿನ ದೂರವನ್ನು ಆ ಕೋನಗಳ ಕಾಟ್ (cot, ತ್ರಿಕೋನಮಿತಿಯ ಒಂದು ಅನುಪಾತ) ಬೆಲೆಗಳ ವ್ಯತ್ಯಾಸದಿಂದ ಭಾಗಿಸಿದರೆ ಎತ್ತರ ಬಂತು. ಮೊಬೈಲಿನಲ್ಲಿ ಕಾಟ್ ಇರದಿದ್ದರೆ 1 ಅನ್ನು ಟ್ಯಾನ್‌ನಿಂದ ಭಾಗಿಸಿದರೆ ಸಾಕು.

ಉಪಕರಣ ಅಂದರೆ ದೊಡ್ಡ ಕೋನಮಾಪಕ, ಅದರ ನೇರ ಅಂಚಿಗೆ ಅಂಟಿಸಿದ ಸ್ಟ್ರಾ, ನಡುಬಿಂದುವಿನಿಂದ ಇಳಿಬಿಟ್ಟ ದಾರ, ತುದಿಗೊಂದು ನಟ್ಟು. ಸಮತಲಕ್ಕೆ ನೋಡಿದಾಗ ದಾರ 90ರ ಮೇಲೆ ನಿಲ್ಲುತ್ತದೆ. ಬೆಟ್ಟದ ತುದಿ ನೋಡಿದಾಗ 68 ಬಂದರೆ ಕೋನ 22 ಡಿಗ್ರಿ.

"ಸಾರ್, ದಾರ ನಿಲ್ತಾನೇ ಇಲ್ಲ!"

ಗಾಳಿಗೆ ಸಣ್ಣ ನಟ್ಟು ಸಾಲದು. ಭಾರದ್ದು ಕಟ್ಟಬೇಕು. ನೋಡುವವರೊಬ್ಬರು, ಓದುವವರೊಬ್ಬರು ಇರಬೇಕು. ಐದು ಸಲ ಓದಿ ಸರಾಸರಿ ತೆಗೆದರೂ ಅರ್ಧ ಡಿಗ್ರಿ ಆಚೀಚೆ ಆಗಿಯೇ ಆಗುತ್ತದೆ.

ಆ ಅರ್ಧ ಡಿಗ್ರಿ ಏನು ಮಾಡುತ್ತದೆ ನೋಡಿ. ನಡುವಿನ ದೂರ 100 ಮೀಟರ್, ಕೋನಗಳು 22 ಮತ್ತು 20 ಆದರೆ ಎತ್ತರ 367 ಮೀಟರ್. ದೂರದ ಕೋನವನ್ನು 20.5 ಎಂದು ಓದಿದರೆ ಅದೇ ಬೆಟ್ಟ 501 ಮೀಟರಿಗೆ ಏರುತ್ತದೆ! 400 ಮೀಟರ್ ಹಿಂದೆ ಸರಿದು 22 ಮತ್ತು 16 ಸಿಕ್ಕರೆ ಎತ್ತರ 395. ಅರ್ಧ ಡಿಗ್ರಿ ಜಾಸ್ತಿ ಓದಿದರೂ 444. ಈ 400 ಮೀಟರಿನ ಲೆಕ್ಕದಲ್ಲಿ ಟೇಪು ಒಂದು ಮೀಟರ್ ತಪ್ಪಿದರೆ ಎತ್ತರದಲ್ಲೂ ಹೆಚ್ಚುಕಡಿಮೆ ಒಂದೇ ಮೀಟರ್. ಮಕ್ಕಳು ಟೇಪು ಬಿಗಿಯಾಗಿದೆಯೇ ಎಂದು ಜಗಳಾಡುತ್ತಾರೆ, ಕೋನವನ್ನು ಮಾತ್ರ ಒಂದೇ ನೋಟಕ್ಕೆ ಬರೆದುಕೊಳ್ಳುತ್ತಾರೆ. ಮುತುವರ್ಜಿ ಇರಬೇಕಾದದ್ದು ಉಲ್ಟಾ ಕಡೆ.

ನೆಲದ ಇಳಿಜಾರನ್ನು ಮರೆಯುವಂತಿಲ್ಲ. ದೂರದ ಜಾಗ 4 ಮೀಟರ್ ತಗ್ಗಿನಲ್ಲಿದ್ದರೆ ಈ ಲೆಕ್ಕದಲ್ಲಿ ಎತ್ತರ ಸುಮಾರು 14 ಮೀಟರ್ ಜಾಸ್ತಿ ಬರುತ್ತದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪೈಪನ್ನೇ ತುಂಡು ತುಂಡಾಗಿ ಮುಂದೆ ಹಿಡಿಯುತ್ತಾ ಹೋದರೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ಗುಂಡುಬಂಡೆಯದು ಇನ್ನೊಂದು ತಕರಾರು. ತೀರಾ ಹತ್ತಿರ ನಿಂತರೆ ಬಂಡೆಯ ಉಬ್ಬೇ ನಿಜವಾದ ತುದಿಯನ್ನು ಮರೆಮಾಡುತ್ತದೆ. ತುದಿ ಎಂದುಕೊಂಡು ನಾವು ಕೋನ ಹಿಡಿಯುವುದು ಆ ಉಬ್ಬಿಗೆ. ಎರಡೂ ಕಡೆಯಿಂದ ಕಾಣುವ ಒಂದೇ ಗುರುತು ಆರಿಸಿಕೊಳ್ಳದಿದ್ದರೆ ಸೂತ್ರಕ್ಕೆ ಅರ್ಥವೇ ಇಲ್ಲ.

ಬಂದ ಉತ್ತರಕ್ಕೆ ಕಣ್ಣಿನ ಎತ್ತರ ಒಂದೂವರೆ ಮೀಟರ್ ಸೇರಿಸಿ. ಇಷ್ಟು ಒರಟು ಉಪಕರಣಕ್ಕೆ ಅದು ಶಾಸ್ತ್ರಕ್ಕಷ್ಟೇ ಅನ್ನಿ. ಪುಸ್ತಕಗಳಲ್ಲಿ ಬೆಟ್ಟದ ಎತ್ತರ ಸುಮಾರು 1,200 ಮೀಟರ್ ಎಂದಿರುತ್ತದೆ. ಅದು ಸಮುದ್ರಮಟ್ಟದಿಂದ. ಊರೇ 790 ಮೀಟರಿನ ಆಸುಪಾಸಿನಲ್ಲಿದೆ, ಆದ್ದರಿಂದ 400ರ ಹತ್ತಿರ ಬಂದವರ ಲೆಕ್ಕ ಸರಿಯಾಗಿಯೇ ಇದೆ.