ಹೆಸರಿಗೆ ಮಾತ್ರ ಯಜಮಾನಿಯರಾ?

ಇಂಗ್ಲಿಷ್ ಪುಸ್ತಕಗಳು ಅಚ್ಚಾಗಲು ಶುರುವಾದ ಕಾಲದ ಬಗ್ಗೆ ಎಲ್ಲೇ ಮಾತಾಡಿದರೂ ಕೊನೆಗೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. "ಆಗಲೇ ಹೆಂಗಸರು ಪ್ರೆಸ್ ನಡೆಸುತ್ತಿದ್ದರು ಅಂತೀರಿ. ಗಂಡ ಸತ್ತ ಮೇಲೆ ಹೆಸರಿಗೆ ಯಜಮಾನಿ ಆಗಿರಬೇಕು, ಕೆಲಸವೆಲ್ಲ ಬೇರೆಯವರು ಮಾಡಿದ್ದಲ್ವಾ?"

ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಪುಸ್ತಕದಲ್ಲಿ "ಇಂಥವನ ವಿಧವೆ ಅಚ್ಚು ಹಾಕಿದ್ದು" ಅಂತ ಇದ್ದರೆ ಯಾರಿಗೂ ಹಾಗೇ ಅನಿಸುತ್ತದೆ. ಆದರೆ ನನ್ನ ಉತ್ತರ ಇದು: ಗಂಡ ಸತ್ತ ಮೇಲೆ ಬಂದಿದ್ದು ಹೆಸರು ಮಾತ್ರ. ಕೆಲಸ ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಶುರುವಾಗಿತ್ತು.

ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿ ಕಾಲಲ್ಲಿ ತುಳಿದು ಓಡಿಸುವ ಒಂದು ಟ್ರೆಡಲ್ ಪ್ರೆಸ್ ಇತ್ತು. ಮುಂದಿನ ಕೋಣೆಯಲ್ಲಿ ಮಷೀನು, ಹಿಂದೆ ಅಡುಗೆಮನೆ. ಮದುವೆ ಕಾಲದಲ್ಲಿ ಆ ಮನೆಯ ಅಕ್ಕ ಅನ್ನಕ್ಕಿಟ್ಟು ಬಂದು ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸುತ್ತಿದ್ದರು. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಕೂರಿಸುವ ಸ್ಟಿಕ್ಕು. ಬಲಗೈ ಮೊಳೆ ತುಂಬಿದ ಕೇಸಿನ ಮನೆಯಿಂದ ಮನೆಗೆ ಓಡುತ್ತಿತ್ತು, ಕಣ್ಣು ಮಾತ್ರ ಕಾಪಿ ಮೇಲೆ. ತಿರುಗುಮುರುಗಾಗಿ ಕೂತ ಅಕ್ಷರಗಳನ್ನು ಅವರು ನಾವು ನೇರ ಅಕ್ಷರ ಓದುವುದಕ್ಕಿಂತ ಬೇಗ ಓದುತ್ತಿದ್ದರು. ಬಿಲ್ ಪುಸ್ತಕದಲ್ಲಿ ಇದ್ದಿದ್ದು ಅವರ ಯಜಮಾನರ ಹೆಸರು.

ಆಗಿನ ಲಂಡನ್ನಿನ ಪ್ರೆಸ್ಸೂ ಮನೆಯೊಳಗೇ ಇತ್ತು. ಅಂಗಡಿ, ಪ್ರೆಸ್, ವಾಸ ಎಲ್ಲ ಒಂದೇ ಸೂರಿನಡಿ. ಕೆಲಸ ಕಲಿಯಲು ಬಂದ ಹುಡುಗರು ಏಳೆಂಟು ವರ್ಷ ಅಲ್ಲೇ ಉಂಡು, ಅಲ್ಲೇ ಮಲಗುತ್ತಿದ್ದರು. ಅಂಥ ಮನೆಯಲ್ಲಿ ಬಾಳಿದವಳಿಗೆ ಕಾಗದದ ಬೆಲೆ ಎಷ್ಟು, ಯಾವ ಗಿರಾಕಿ ಬಾಕಿ ಉಳಿಸಿಕೊಂಡಿದ್ದಾನೆ ಅಂತ ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಿರಲಿಲ್ಲ.

1540ರಲ್ಲಿ ಫ್ಲೀಟ್ ಸ್ಟ್ರೀಟ್‌ನ ರಾಬರ್ಟ್ ರೆಡ್ಮನ್ ತೀರಿಕೊಂಡ. ಕಾನೂನು ಪುಸ್ತಕಗಳನ್ನು ಅಚ್ಚು ಹಾಕುವುದರಲ್ಲಿ ಹೆಸರು ಮಾಡಿದ್ದವನು. ಹೆಂಡತಿ ಎಲಿಜಬೆತ್ ಪಿಕರಿಂಗ್ ಪ್ರೆಸ್ಸಿಗೆ ಬೀಗ ಹಾಕಲಿಲ್ಲ. ಸ್ವಲ್ಪವೇ ಸಮಯದಲ್ಲಿ ಸುಮಾರು ಹತ್ತು ಪುಸ್ತಕ ಹೊರತಂದಳು, ಹೆಚ್ಚಿನವು ಕಾನೂನಿನವೇ. ಇದು ಹಗುರದ ಕೆಲಸ ಅಂದುಕೊಳ್ಳಬೇಡಿ. ಆಗಿನ ಕಾನೂನಿನ ಭಾಷೆಯಲ್ಲಿ ಫ್ರೆಂಚ್, ಲ್ಯಾಟಿನ್ ಎರಡೂ ಬೆರೆತಿದ್ದವು. ಕೊಳ್ಳುವವರು ವಕೀಲರು, ಒಂದು ಪದ ತಪ್ಪಿದರೂ ಹಿಡಿಯುವವರು. ಕೆಲವು ಪುಸ್ತಕಗಳಲ್ಲಿ ಆಕೆ ರೆಡ್ಮನ್‌ನ ವಿಧವೆ ಅಂತ ಹಾಕಿಸಿದ್ದಾಳೆ, ಕೆಲವದರಲ್ಲಿ ತನ್ನ ಪಿಕರಿಂಗ್ ಹೆಸರನ್ನೇ. ಇಂಗ್ಲೆಂಡಿನಲ್ಲಿ ಸ್ವಂತ ಹೆಸರಿನಲ್ಲಿ ಪುಸ್ತಕ ಅಚ್ಚು ಹಾಕಿದ ಮೊದಲ ಹೆಂಗಸು ಅಂತ ತಿಳಿದಿರುವುದು ಈಕೆಯೇ. ಆಮೇಲೆ ಮರುಮದುವೆ ಆಯಿತು, ಪ್ರೆಸ್ ಬೇರೆಯವರ ಕೈಸೇರಿತು, ಹೆಸರು ಪುಸ್ತಕಗಳಿಂದ ಮಾಯವಾಯಿತು.

1557ರಲ್ಲಿ ಲಂಡನ್ನಿನ ಮುದ್ರಕರು ಮತ್ತು ಪುಸ್ತಕ ವ್ಯಾಪಾರಿಗಳ ಸಂಘಕ್ಕೆ ರಾಜಮನೆತನದ ಸನ್ನದು ಸಿಕ್ಕಿತು. ಸದಸ್ಯ ಸತ್ತರೆ ಅವನ ವಿಧವೆ ಪ್ರೆಸ್ ಮುಂದುವರಿಸಬಹುದಿತ್ತು, ಹುಡುಗರಿಗೆ ಕೆಲಸ ಕಲಿಸಬಹುದಿತ್ತು. ಸಂಘದ ಹೊರಗಿನವನನ್ನು ಮದುವೆಯಾದರೆ ಮಾತ್ರ ಆ ಹಕ್ಕು ಹೋಗುತ್ತಿತ್ತು. ಹಾಗಾಗಿ ಎಷ್ಟೋ ಜನ ಒಳಗಿನವರನ್ನೇ ಮದುವೆಯಾದರು. ಜಾಕ್ವೆಲಿನ್ ವಾಟ್ರೋಲಿಯೆ ಅಂಥವಳು. ಗಂಡ ಎಡಿನ್‌ಬರೋದಲ್ಲಿದ್ದಾಗ ಲಂಡನ್ನಿನ ಪ್ರೆಸ್ ನೋಡಿಕೊಂಡಿದ್ದು ಆಕೆ. ಅವನು 1587ರಲ್ಲಿ ತೀರಿಕೊಂಡ ಮೇಲೆ, ಅದೇ ಪ್ರೆಸ್ಸಿನಲ್ಲಿ ಕೆಲಸ ಕಲಿತಿದ್ದ ರಿಚರ್ಡ್ ಫೀಲ್ಡ್‌ನನ್ನು ಮದುವೆಯಾದಳು. 1593ರಲ್ಲಿ ಶೇಕ್ಸ್‌ಪಿಯರ್‌ನ ಮೊದಲ ಪುಸ್ತಕ ಅಚ್ಚಾಗಿದ್ದು ಈ ಫೀಲ್ಡ್‌ನ ಪ್ರೆಸ್ಸಿನಲ್ಲಿ. ಫೀಲ್ಡ್‌ಗೆ ಆ ಪ್ರೆಸ್ ಬಂದಿದ್ದು ಜಾಕ್ವೆಲಿನ್ ಕೈಯಿಂದ. ಪುಸ್ತಕದ ಮೇಲೆ ಇರುವುದು ಅವನೊಬ್ಬನ ಹೆಸರು.

ಇಷ್ಟು ಹೇಳಿದರೂ ಒಪ್ಪದವರಿಗೆ ನಾನು ಎಲಿಜಬೆತ್ ತಿಮೊತಿಯ ಕಥೆ ಹೇಳುತ್ತೇನೆ. ನನಗೆ ತುಂಬಾ ಹತ್ತಿರದವಳು ಈಕೆ. ಊರು ಅಮೆರಿಕದ ಚಾರ್ಲ್‌ಸ್ಟನ್. ಗಂಡ ಲೂಯಿಸ್ ಅಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಜೊತೆ ಪಾಲುದಾರಿಕೆಯಲ್ಲಿ ಪ್ರೆಸ್ ಇಟ್ಟುಕೊಂಡು 'ಸೌತ್ ಕ್ಯಾರೊಲಿನಾ ಗೆಜೆಟ್' ಎಂಬ ವಾರಪತ್ರಿಕೆ ತರುತ್ತಿದ್ದ. 1738ರ ಡಿಸೆಂಬರ್ ಕೊನೆಯಲ್ಲಿ ಯಾವುದೋ ಅಪಘಾತದಲ್ಲಿ ಸತ್ತ. 1739ರ ಜನವರಿ 4ರ ಪತ್ರಿಕೆ ಬಂದೇ ಬಂತು. ಅದರಲ್ಲಿ ಆಕೆ ಓದುಗರಿಗೆ ಒಂದು ಮಾತು ಬರೆದಳು: ಪತ್ರಿಕೆ ಎಂದಿನಂತೆ ಬರುತ್ತದೆ, ನನ್ನ ಗಂಡನಿಗೆ ಕೊಟ್ಟ ಬೆಂಬಲ ನನಗೂ ಇರಲಿ, ನನಗೆ ಆರು ಚಿಕ್ಕ ಮಕ್ಕಳಿದ್ದಾರೆ, ಇನ್ನೊಂದು ಇವತ್ತೋ ನಾಳೆಯೋ ಹುಟ್ಟಲಿದೆ.

ದಿನ ತುಂಬಿದ ಬಸುರಿ. ಗಂಡ ಹೋಗಿ ವಾರ ಕಳೆದಿರಬಹುದು ಅಷ್ಟೇ. ಆ ವಾರದ ಪತ್ರಿಕೆ ಹೊರಟಿತು.

ಆದರೆ ಪತ್ರಿಕೆಯ ಮೇಲೆ ಮುದ್ರಕ ಅಂತ ಇದ್ದಿದ್ದು ಮಗ ಪೀಟರ್‌ನ ಹೆಸರು. ಒಪ್ಪಂದದ ಪ್ರಕಾರ ಗಂಡನ ಪಾಲಿನ ಹಕ್ಕು ಅವನದು. ಹುಡುಗನಿಗೆ ಆಗ ಹದಿಮೂರೋ ಹದಿನಾಲ್ಕೋ. ಹೆಸರಿಗೆ ಮಾತ್ರ ಯಜಮಾನ ಇಲ್ಲಿ ಯಾರು, ನೀವೇ ಹೇಳಿ.

ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಈಕೆಯನ್ನು ಬಿಚ್ಚು ಮನಸ್ಸಿನಿಂದ ಹೊಗಳಿದ್ದಾನೆ. ಗಂಡ ಓದಿದವನು, ಪ್ರಾಮಾಣಿಕ, ಆದರೆ ಲೆಕ್ಕ ಬರುತ್ತಿರಲಿಲ್ಲ. ಆಗೀಗ ದುಡ್ಡು ಕಳಿಸುತ್ತಿದ್ದ, ಸರಿಯಾದ ಲೆಕ್ಕ ಒಮ್ಮೆಯೂ ಬರಲಿಲ್ಲ. ಹೆಂಡತಿ ಹಾಲೆಂಡಿನಲ್ಲಿ ಬೆಳೆದವಳು, ಅಲ್ಲಿ ಹೆಣ್ಣುಮಕ್ಕಳಿಗೂ ಲೆಕ್ಕಪತ್ರ ಕಲಿಸುತ್ತಿದ್ದರು. ಆಕೆ ಹಳೆಯ ಲೆಕ್ಕವನ್ನೆಲ್ಲ ಹುಡುಕಿ, ಜೋಡಿಸಿ ಕಳಿಸಿದಳು. ಆಮೇಲೆ ಪ್ರತಿ ಮೂರು ತಿಂಗಳಿಗೆ ತಪ್ಪದೆ ಲೆಕ್ಕ ಹೋಗುತ್ತಿತ್ತು. ಮಕ್ಕಳನ್ನು ಬೆಳೆಸಿದಳು, ಪಾಲುದಾರಿಕೆಯ ಅವಧಿ ಮುಗಿದಾಗ ಪ್ರೆಸ್ಸನ್ನೇ ಕೊಂಡು ಮಗನಿಗೆ ವಹಿಸಿದಳು. ಹುಡುಗಿಯರಿಗೆ ಸಂಗೀತ, ನೃತ್ಯಕ್ಕಿಂತ ಲೆಕ್ಕ ಕಲಿಸುವುದು ಒಳ್ಳೆಯದು ಅಂತ ಫ್ರಾಂಕ್ಲಿನ್ ಬರೆದಿದ್ದು ಈಕೆಯನ್ನು ನೋಡಿದ ಮೇಲೆ. ಇನ್ನೊಂದು ಮಾತನ್ನೂ ಬಚ್ಚಿಡಬಾರದು. ಅದೇ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳೂ ಅಚ್ಚಾಗುತ್ತಿದ್ದವು. ಆಕೆಯ ಮೇಲೆ ಅಭಿಮಾನವಿದೆ ಅಂತ ಅದನ್ನು ಬಿಟ್ಟು ಹೇಳಲು ನನಗೆ ಮನಸ್ಸಿಲ್ಲ.

ಎಲ್ಲರೂ ವಿಧವೆಯರೇ ಅಂತಲೂ ಅಲ್ಲ. ಲಂಡನ್ನಿನ ಟೇಸ್ ಸೌಲ್ 1691ರಲ್ಲಿ ಅಪ್ಪನ ಪ್ರೆಸ್ ವಹಿಸಿಕೊಂಡಾಗ ಮದುವೆಯಾಗದ ಹುಡುಗಿ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಪುಸ್ತಕಗಳನ್ನು ಐವತ್ತು ವರ್ಷಕ್ಕೂ ಜಾಸ್ತಿ ಅಚ್ಚು ಹಾಕಿದಳು. ಆಕೆ ಸ್ವತಃ ಒಳ್ಳೆಯ ಕಂಪೋಸಿಟರ್, ಅಂದರೆ ಮೊಳೆ ಜೋಡಿಸುವವಳು, ಅಂತ ಆ ಕಾಲದ ಪುಸ್ತಕ ವ್ಯಾಪಾರಿ ಜಾನ್ ಡಂಟನ್ ಬರೆದಿಟ್ಟಿದ್ದಾನೆ. 1706ರಲ್ಲಿ ಮದುವೆಯಾದ ಮೇಲೆ ಪುಸ್ತಕಗಳಲ್ಲಿ ತಾಯಿ ಜೇನ್ ಹೆಸರು ಬರತೊಡಗಿತು, ಕೆಲಸ ಮಗಳದ್ದೇ. 1702ರ ಮಾರ್ಚ್ 11ರಂದು ಇಂಗ್ಲೆಂಡಿನ ಮೊದಲ ದಿನಪತ್ರಿಕೆ 'ಡೈಲಿ ಕೊರಾಂಟ್' ಬಂತಲ್ಲ, ಅದನ್ನು ತಂದಿದ್ದು ಎಲಿಜಬೆತ್ ಮ್ಯಾಲೆಟ್. ಪತ್ರಿಕೆಯಲ್ಲಿ ಸುಮ್ನೆ 'ಇ. ಮ್ಯಾಲೆಟ್' ಅಂತಿದೆ. ಆ ಒಂದು ಅಕ್ಷರ ನೋಡಿ ಹೆಣ್ಣೋ ಗಂಡೋ ಹೇಳುವುದು ಹೇಗೆ?

ಕೇಳುವವರ ಅನುಮಾನಕ್ಕೆ ಹತ್ತಿರವಾದ ಉದಾಹರಣೆಯೂ ಒಂದಿದೆ. ಅಮೆರಿಕದ ಮೇರಿಲ್ಯಾಂಡಿನ ಡೈನಾ ನಟ್‌ಹೆಡ್ 1696ರಲ್ಲಿ ಪ್ರೆಸ್ ನಡೆಸಲು ಪರವಾನಗಿ ಪಡೆದಾಗ ಕಾಗದಕ್ಕೆ ಗುರುತು ಹಾಕಿದಳು, ಸಹಿ ಬರುತ್ತಿರಲಿಲ್ಲ. ಮೊಳೆ ಜೋಡಿಸಲು ಆಕೆಗೆ ಬೇರೆಯವರು ಬೇಕೇ ಬೇಕಿತ್ತು. ಆದರೂ ರಾಜಧಾನಿ ಅನಾಪೊಲಿಸ್‌ಗೆ ಬದಲಾದಾಗ ಅಲ್ಲಿಗೆ ಪ್ರೆಸ್ ಒಯ್ದು ಪರವಾನಗಿ ಕೇಳಿದ್ದು ಆಕೆಯೇ.

ಇನ್ನು ಮೇರಿ ಕ್ಯಾಥರಿನ್ ಗೊಡಾರ್ಡ್. ಮದುವೆಯೇ ಆಗಲಿಲ್ಲ. ಬಾಲ್ಟಿಮೋರ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದಳು, 1775ರಿಂದ ಅಂಚೆ ಕಚೇರಿಯ ಮುಖ್ಯಸ್ಥೆಯೂ ಹೌದು. 1777ರ ಜನವರಿಯಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಸಹಿ ಹಾಕಿದವರ ಹೆಸರಿನ ಸಮೇತ ಮೊದಲ ಸಲ ಅಚ್ಚು ಹಾಕಿದ್ದು ಈಕೆ. ಯುದ್ಧ ನಡೆಯುತ್ತಿತ್ತು, ಆ ಹಾಳೆ ಬ್ರಿಟಿಷರ ಕಣ್ಣಿಗೆ ರಾಜದ್ರೋಹ. ಅದರ ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಹಾಕಿಕೊಂಡಳು.

1789ರಲ್ಲಿ ಆಕೆಯನ್ನು ಅಂಚೆ ಕೆಲಸದಿಂದ ತೆಗೆದರು. ಈ ಕೆಲಸಕ್ಕೆ ಇನ್ನು ಮೇಲೆ ಓಡಾಟ ಜಾಸ್ತಿ, ಹೆಂಗಸಿನ ಕೈಲಿ ಆಗುವುದಿಲ್ಲ ಅಂತ ಕಾರಣ. ಹದಿನಾಲ್ಕು ವರ್ಷ ಅದೇ ಕೆಲಸ ಮಾಡಿದವಳಿಗೆ! ಊರಿನ ಇನ್ನೂರಕ್ಕೂ ಹೆಚ್ಚು ಜನ ಆಕೆಯ ಪರವಾಗಿ ಸಹಿ ಹಾಕಿ ಮನವಿ ಕೊಟ್ಟರು. ಆಕೆ ಅಧ್ಯಕ್ಷ ವಾಷಿಂಗ್ಟನ್‌ಗೂ ಪತ್ರ ಬರೆದಳು. ಅವನು ಇದರಲ್ಲಿ ತಲೆಹಾಕಲು ಒಪ್ಪಲಿಲ್ಲ. ಕೆಲಸ ವಾಪಸ್ ಸಿಗಲಿಲ್ಲ. ಆಕೆ ಬಾಲ್ಟಿಮೋರ್ ಬಿಟ್ಟು ಹೋಗಲಿಲ್ಲ, ಅಲ್ಲೇ ಪುಸ್ತಕದಂಗಡಿ ನಡೆಸಿಕೊಂಡು ಉಳಿದಳು.