ಮದುವೆಯಾದ ಮೇಲೂ ತವರಿಗೆ ದುಡ್ಡು ಕಳುಹಿಸುತ್ತೀಯಾ?

ಹೌದು, ಕಳುಹಿಸುತ್ತೇನೆ. ಗಂಡ ಏನೂ ಅನ್ನುವುದಿಲ್ಲವೇ, ತಮ್ಮ ಇದ್ದಾನಲ್ಲ, ಅವನೇನು ಮಾಡುತ್ತಾನೆ ಎಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ ಕುಳಿತು ಕೇಳುವವರಿಗೆ ಬಾಯಲ್ಲಿ ಉತ್ತರಿಸುವ ತಾಳ್ಮೆ ನನಗೆ ಉಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ತಮ್ಮನೂ ಕೊಡುತ್ತಾನೆ. ಹೆಂಡತಿ ಒಪ್ಪಿದ್ದಾಳೆಯೇ ಎಂದು ಅವನನ್ನು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಮದುವೆಯಾದ ಮಗಳಿಗೂ ತಂದೆಯನ್ನು ಸಾಕುವ ಹೊಣೆ ಇದೆಯೆಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯೂ ಮಗ, ಮಗಳು ಎಂದು ಭೇದ ಮಾಡುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ನೆನಪಿಸಿ, ಪಿತ್ರಾರ್ಜಿತದಲ್ಲಿ ನಿನಗೂ ಸಮಪಾಲಿದೆ, ಬಿಡಬೇಡ ಎಂದು ನನಗೆ ಉಪದೇಶಿಸಿದವರೇ ಅಪ್ಪನ ಔಷಧಿಯ ಖರ್ಚಿನ ಮಾತು ಬಂದಾಗ ನೀನು ಹೊರಗಿನವಳು ಎನ್ನುತ್ತಾರೆ.

ಅಪ್ಪ ಖಾಸಗಿ ಗಿರಣಿಯಲ್ಲಿ ದುಡಿದವರು. ಅವರಿಗೆ ಬರುವುದು ಭವಿಷ್ಯ ನಿಧಿಯ ಪಿಂಚಣಿ. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಪಡಿಸಿದರು, ಅದಕ್ಕೆ ತುಟ್ಟಿಭತ್ಯೆ ಇಲ್ಲ. ಅಪ್ಪನಿಗೆ ಸಿಗುವುದು ಅದಕ್ಕಿಂತ ತುಸು ಹೆಚ್ಚು. ಒಂದು ಗೃಹಪ್ರವೇಶದಲ್ಲಿ ಬಂಧುವೊಬ್ಬರು ಎಲ್ಲರೆದುರು ಅವರಿಗೆ, ‘ನಿಮಗೇನು ಬಿಡಿ, ಮಗಳ ದುಡ್ಡಿನಲ್ಲಿ ಹಾಯಾಗಿದ್ದೀರಿ’ ಎಂದರು. ಅಪ್ಪ ಏನೂ ಹೇಳಲಿಲ್ಲ. ಆಮೇಲೆ ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗತೊಡಗಿದ್ದಾರೆಂದು ಅಮ್ಮ ಫೋನಿನಲ್ಲಿ ತಿಳಿಸಿದಾಗ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಕೊಡುತ್ತೀಯಾ ಎನ್ನುವ ಬದಲು, ಹೆತ್ತವರು ಕೇಳುವ ಪರಿಸ್ಥಿತಿ ಬಾರದಂತೆ ಹೇಗೆ ಕೊಡುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ನಾನು ಸಂತೋಷದಿಂದ ಹೇಳುತ್ತಿದ್ದೆ. ಸಂಬಳವಾದ ದಿನವೇ ಹಣ ಅಮ್ಮನ ಖಾತೆಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದೇನೆ. ಔಷಧಿಯ ಅಂಗಡಿಯ ಲೆಕ್ಕವನ್ನು ನಾನೇ ನೇರವಾಗಿ ತೀರಿಸುತ್ತೇನೆ. ಉಳಿದದ್ದಕ್ಕೆ ಲೆಕ್ಕ ಕೇಳುವುದಿಲ್ಲ: ಅಮ್ಮ ಅದರಲ್ಲಿ ತಮ್ಮನ ಮಗಳಿಗೆ ಲಂಗ ಹೊಲಿಸಿದರೂ, ಗುಡಿಯ ಹುಂಡಿಗೆ ಹಾಕಿದರೂ ಅದು ಅವರ ಹಣ. ತಮ್ಮನು ಸೈಟು ಕೊಳ್ಳಲು ಅವರ ಮೂಲಕ ಕೇಳಿಸಿದಾಗ ಮಾತ್ರ ಕೊಡಲಿಲ್ಲ. ಹೆತ್ತವರ ಹೊಟ್ಟೆಬಟ್ಟೆಗೂ ತಮ್ಮನ ಸೈಟಿಗೂ ಸಂಬಂಧವಿಲ್ಲ.

ಋಣ ತೀರಿಸುವ ಹಟದಿಂದ ಅಪ್ಪ ಮನೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಕೊಡಲು ಹೊರಟಿದ್ದರು. ನಾನು ಒಪ್ಪಲಿಲ್ಲ. ಆರೈಕೆಯ ಷರತ್ತಿನೊಂದಿಗೆ ಕೊಟ್ಟ ಆಸ್ತಿಯನ್ನು, ಮಕ್ಕಳು ಆ ಷರತ್ತನ್ನು ಮುರಿದರೆ ಹಿಂಪಡೆಯಲು 2007ರ ಕಾಯ್ದೆಯ 23ನೇ ಕಲಮು ಅವಕಾಶ ಕೊಡುತ್ತದೆಯಾದರೂ, ಪತ್ರದಲ್ಲಿ ಷರತ್ತನ್ನು ಬರೆಸದ ಮುದುಕರು ಅದನ್ನು ಸಾಬೀತುಪಡಿಸಲು ಉಪವಿಭಾಗಾಧಿಕಾರಿಯ ಕಚೇರಿಗೆ ಅಲೆಯಬೇಕಾಗುತ್ತದೆ. ಮನೆ ಅಪ್ಪನ ಹೆಸರಿನಲ್ಲೇ ಇದೆ. ಬೇಕೆಂದರೆ ಉಯಿಲು ಬರೆಯಲಿ, ಅದನ್ನು ಅವರು ಬದುಕಿರುವವರೆಗೂ ಬದಲಿಸಬಹುದು.