ಮೆಟ್ರೊ ಪಕ್ಕದ ಫ್ಲ್ಯಾಟು: ಯಾವ ಮಹಡಿಗೆ ಎಷ್ಟು ಸದ್ದು

ಬೆಂಗಳೂರಿನಲ್ಲಿ ಮೆಟ್ರೊ ಹತ್ತಿರದ ಫ್ಲ್ಯಾಟ್ ನೋಡುವವರು ನಿಲ್ದಾಣ ಎಷ್ಟು ನಿಮಿಷದ ನಡಿಗೆ ಅಂತ ಕೇಳುತ್ತಾರೆ. ಮನೆ ಮುಂದಿನ ಹಳಿ ನೇರವಿದೆಯೋ ತಿರುವಿದೆಯೋ ಅಂತ ಕೇಳುವವರು ಕಡಿಮೆ. ರಾತ್ರಿ ನಿದ್ದೆ ನಿಂತಿರುವುದು ಆ ಎರಡನೇ ಪ್ರಶ್ನೆಯ ಮೇಲೆ.

ರೈಲಿನ ಎಡಬಲದ ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿರುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಹಳಿಗೆ ತಾಗುವ ಚಕ್ರದ ಇಳಿಜಾರು ಮೈ ಈ ವ್ಯತ್ಯಾಸವನ್ನು ಒಂದು ಮಟ್ಟದವರೆಗೆ ಸರಿದೂಗಿಸುತ್ತದೆ. ತಿರುವು ಬಿಗಿಯಾದರೆ ಚಕ್ರ ಹಳಿಯ ಮೇಲೆ ಜಾರಿ ಕಿರ್‍ರ್ ಅನ್ನುತ್ತದೆ. ನೇರಳೆ ಮಾರ್ಗ ಹಳೇ ಮದ್ರಾಸ್ ರಸ್ತೆಯಿಂದ ಸಿಎಂಎಚ್ ರಸ್ತೆಗೆ ಹೊರಳುವಲ್ಲಿ ಐದು ನಿಮಿಷ ನಿಂತು ಕೇಳಿದರೆ ಗೊತ್ತಾಗುತ್ತದೆ.

ಮಹಡಿಯ ಲೆಕ್ಕ ಹಲವರು ಅಂದುಕೊಂಡಂತಿಲ್ಲ. ಹಳಿಯ ಮಟ್ಟಕ್ಕಿಂತ ಕೆಳಗಿನ ಮನೆಗಳಿಗೆ ಮೇಲ್ಸೇತುವೆಯ ಕಾಂಕ್ರೀಟ್ ತಡೆಗೋಡೆಯೇ ರಕ್ಷಣೆ. ಚಕ್ರ ನೇರವಾಗಿ ಕಾಣುವ, ಅದಕ್ಕೆ ತುಸು ಮೇಲಿನ ಎರಡು ಮೂರು ಮಹಡಿಗಳಿಗೇ ಸದ್ದು ಜೋರು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ತನಕ ಕೆಳಗೆ ಫ್ಲೈಓವರ್, ಅದರ ಮೇಲೆ ಮೆಟ್ರೊ. ಅಲ್ಲಿ ಈ ಲೆಕ್ಕವೂ ಅಷ್ಟೇ ಮೇಲಕ್ಕೆ ಹೋಗುತ್ತದೆ.

ಇದ್ದಕ್ಕಿದ್ದಂತೆ ಸದ್ದು ಹೆಚ್ಚಾದರೆ ಕಿವಿಗೊಟ್ಟು ಕೇಳಿ. ಪ್ರತಿ ರೈಲೂ ಅದೇ ಜಾಗದಲ್ಲಿ ಗುಂಯ್ ಅಂದರೆ ದೋಷ ಹಳಿಯದು: ಅದರ ಮೈಮೇಲೆ ಕೆಲವೇ ಸೆಂಟಿಮೀಟರಿಗೊಂದರಂತೆ ಸಣ್ಣ ಅಲೆಗಳು ಎದ್ದಿರುತ್ತವೆ. ಯಾವುದೋ ಒಂದು ರೈಲು ಮಾತ್ರ ಟಕ ಟಕ ಅಂದರೆ, ಬ್ರೇಕ್ ಹಿಡಿದಾಗ ಜಾರಿ ಚಕ್ರದ ಒಂದು ಕಡೆ ಚಪ್ಪಟೆಯಾಗಿದೆ. ಅದನ್ನು ಡಿಪೊದ ಲೇತ್‌ನಲ್ಲಿ ಮತ್ತೆ ದುಂಡಗೆ ಕಡೆಯಬೇಕು. ದೂರು ಕೊಡುವಾಗ ಸಮಯದ ಜೊತೆ ಮೆಟ್ರೊ ಸೇತುವೆಯ ಕಂಬದ ಮೇಲೆ ಬರೆದಿರುವ ಸಂಖ್ಯೆಯನ್ನೂ ಬರೆಯಿರಿ. 'ನಮ್ಮ ಮನೆ ಹತ್ತಿರ' ಅಂದರೆ ಯಾರಿಗೂ ಏನೂ ತಿಳಿಯದು.

ಹಳಿಯ ಅಲೆ ಉಜ್ಜುವ ಗ್ರೈಂಡಿಂಗ್ ನಡೆಯುವುದು ರಾತ್ರಿಯಲ್ಲೇ. ಕೊನೆಯ ರೈಲು ಡಿಪೊ ಸೇರಬೇಕು, ರೈಲಿಗೆ ವಿದ್ಯುತ್ ಕೊಡುವ ಥರ್ಡ್ ರೈಲ್‌ನ 750 ವೋಲ್ಟ್ ತೆಗೆಯಬೇಕು, ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ ಅರ್ತಿಂಗ್ ಹಾಕಬೇಕು. ಬೆಳಗಾಗುವ ಮುಂಚೆ ಅದೆಲ್ಲ ತಿರುಗುಮುರುಗು. ನಡುವೆ ಕೈಗೆ ಸಿಗುವುದು ಮೂರು ಗಂಟೆ ಚಿಲ್ಲರೆ. ಅಷ್ಟರಲ್ಲಿ ಏನಾದರೂ ಕೈಕೊಟ್ಟರೆ ಬೆಳಗಿನ ಸಂಚಾರವೇ ಕೆಡುತ್ತದೆ: 2023ರ ಅಕ್ಟೋಬರ್ 3ರಂದು ರಾಜಾಜಿನಗರದ ತಿರುವಿನಲ್ಲಿ ನಿರ್ವಹಣೆಯ ವಾಹನವೊಂದು ಹಳಿ ತಪ್ಪಿ, ಹಸಿರು ಮಾರ್ಗದ ಸಂಚಾರ ಅಸ್ತವ್ಯಸ್ತವಾಯಿತು. ಸಾಲು ಸಾಲು ಟವರುಗಳು ಏಳುತ್ತಿದ್ದಂತೆ ಕೊನೆಯ ರೈಲು ಇನ್ನೂ ಅರ್ಧ ಗಂಟೆ ತಡವಾಗಿ ಬರಲಿ ಅನ್ನುವ ಬೇಡಿಕೆ ಬಂದೇ ಬರುತ್ತದೆ. ಆ ಅರ್ಧ ಗಂಟೆ ಕಿತ್ತುಕೊಳ್ಳುವುದು ಈ ಮೂರು ಗಂಟೆಯಿಂದಲೇ.

ಅಂದಹಾಗೆ, ರಾತ್ರಿಯಿಡೀ ಒಂದೇ ಸಮನೆ ಕೇಳುವ ಗುಂಯ್‌ಗೂ ಮೆಟ್ರೊಗೂ ಸಂಬಂಧವಿಲ್ಲ. ನೆಲಮಾಳಿಗೆಯಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿಯ ಬ್ಲೋವರ್ ಓಡುತ್ತಿದೆಯೇ ನೋಡಿ. ಅದರ ಕೆಳಗಿನ ರಬ್ಬರ್ ಪ್ಯಾಡ್ ಸವೆದಿದ್ದರೆ ಕಂಪನ ಗೋಡೆ ಹಿಡಿದು ಮೇಲೇರುತ್ತದೆ.

ಕಿಟಕಿಗೆ ದಪ್ಪ ಗಾಜು ಹಾಕಿಸುವ ಮುಂಚೆ ಚೌಕಟ್ಟು ನೋಡಿ. ಬಿಲ್ಡರ್ ಹಾಕಿಕೊಡುವ ಜಾರು ಕಿಟಕಿಯಲ್ಲಿ ಬ್ರಶ್ ಸೀಲ್‌ನ ಸಂದಿಯಿಂದಲೇ ಸದ್ದು ನುಗ್ಗುತ್ತದೆ. ಬಾಗಿಲಿನಂತೆ ತೆರೆಯುವ, ಸುತ್ತ ರಬ್ಬರ್ ಗ್ಯಾಸ್ಕೆಟ್ ಇರುವ ಕಿಟಕಿ ಮೇಲು. ಗಾಜು ಲ್ಯಾಮಿನೇಟೆಡ್, ಅಂದರೆ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು, ಆಗಿರಲಿ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಅಂಚಿಗುಂಟ ನಿಧಾನಕ್ಕೆ ಸರಿಸಿ. ಹೊಗೆ ಎಲ್ಲಿ ಅಲುಗಾಡುತ್ತದೋ ಸಂದಿ ಅಲ್ಲೇ ಇದೆ.